ಮುಂದಿನೆತ್ತಿನ ಹೇರು

"ಏ! ಆ ಹೇರಿಗೆ ಕೈ ಹಚ್ಚಬ್ಯಾಡ!"

ಸಕ್ರವ್ವನ ಕೂಗಿಗೆ ಗಜೇಂದ್ರಗಡದ ಅರಳೆ ಪೇಟೆಯೇ ತಿರುಗಿ ನೋಡಿತು. ಆದರೆ ತಡವಾಗಿತ್ತು... ಅಬ್ಬಿಗೇರಿಯ ಗಾಡಿಕಾರ ಹಾಲಸಿದ್ದಪ್ಪ ನರಗುಂದದ ದಾರಿಯಲ್ಲಿ ಪೇಟೆಗೆ ಬಂದು ನಿಂತಿದ್ದ ಅವಳ ಮುಂದಿನೆತ್ತಿನ ಬೆನ್ನ ಮೇಲಿಂದ ಅರಳೆ ತುಂಬಿದ ಅಂಡಿಗೆಚೀಲಗಳನ್ನು ಇಳಿಸಿಬಿಟ್ಟಿದ್ದ!

ಎತ್ತುಗಳ ಬೆನ್ನ ಮೇಲೆ ಸರಕು ಸಾಗಿಸುವ ಹೇರೆತ್ತಿನವರಲ್ಲಿ ಒಂದು ಕಟ್ಟಳೆ. ಸಾಲಿನ ಮುಂದೆ ನಡೆಯುವ ಎತ್ತಿನ ಹೇರನ್ನು ಮನೆಯವರೇ ಇಳಿಸಬೇಕು, ಅದೂ ಹೇರು ಸೇರಬೇಕಾದ ಊರು ಮುಟ್ಟಿದ ಮೇಲೆ. ಹೊರಗಿನವನು ಇಳಿಸಿದನೆಂದರೆ ಆ ಮನೆಯ ಸಾಲು ಮುಗಿಯಿತೆಂದೇ ಅರ್ಥ.

"ಗಾಡಿ ಐತಂತ ಸೊಕ್ಕೇನ ನಿನಗ? ನಮ್ಮನಿ ಮುಳುಗಸಾಕ ಬಂದೀ?"

"ಅಲ್ರಿ... ಎತ್ತು ಮುಗ್ಗರಸಾಕತ್ತಿತ್ತು, ಅದಕ್ಕ..."

"ನನ್ನೆತ್ತಿನ ಚಿಂತಿ ನಿನಗ್ಯಾಕ?"

ಕಂಪನಿ ಸರಕಾರದ ಹೊಸ ಗಾಡಿರಸ್ತೆ ಬಂದದ್ದೇ ತಡ, ವ್ಯಾಪಾರಿಗಳೆಲ್ಲ ಗಾಡಿಗಳ ಹಿಂದೆ ಬಿದ್ದಿದ್ದರು. ಹೇರೆತ್ತಿನವರು ಒಬ್ಬೊಬ್ಬರಾಗಿ ಎತ್ತು ಮಾರಿಕೊಂಡರು. ಉಳಿದದ್ದು ಸಕ್ರವ್ವನ ಸಾಲೊಂದೇ. ಅಪ್ಪ ಸಣ್ಣಪ್ಪ ತೀರಿಕೊಂಡ ಮೇಲೆ ಅದನ್ನು ನಡೆಸುತ್ತಿದ್ದವಳೂ ಅವಳೇ.

ಅರಳೆ ವ್ಯಾಪಾರಿ ಅಂದಾನಪ್ಪ ಮೀಸೆಯಲ್ಲೇ ನಕ್ಕ. "ಸಾಕ್ ಮಾಡವ್ವ. ನರಗುಂದಕ್ಕ ಇದs ಕಡೀ ಹೇರು. ಎತ್ತು ಮಾರಿ ಮನ್ಯಾಗ ಕುಂದ್ರು."

"ಕುಂದ್ರಂಗಿಲ್ರಿ ಸಾವ್ಕಾರ್ರ! ರಸ್ತೆ ಕಾಣದ ಊರು ಇನ್ನೂ ಭಾಳ ಅದಾವು. ಎರಿಮಣ್ಣಾಗ ನಿಮ್ಮ ಗಾಡಿ ಹುಗದಾಗ ನನ್ನೆತ್ತಗೋಳs ನಡೀತಾವು!"

ಹಾಲಸಿದ್ದಪ್ಪ ಮೆಲ್ಲಗೆ ಹೇಳಿದ. "ಬೈರಿ, ಬ್ಯಾಡನ್ನಂಗಿಲ್ಲ. ಒಮ್ಮೆ ತಡಿ ಎತ್ತಿ ನೋಡ್ರಿ."

ಸಿಟ್ಟಿನಿಂದಲೇ ಎತ್ತಿನ ಬೆನ್ನಿಗೆ ಹೇರಿನಡಿ ಹಾಸಿದ್ದ ತಡಿಯ ಮೆತ್ತೆ ಎತ್ತಿದಳು. ಕೆಳಗೆ ಅಂಗೈಯಗಲದ ಹಸಿ ಹುಣ್ಣು!

'ಕಟ್ಟಳೆ ಕಟ್ಟಳೆ ಅಂತ ದಾರಿಯುದ್ದಕ್ಕೂ ಬಿಚ್ಚಿ ನೋಡಲೇ ಇಲ್ಲವಲ್ಲ ನಾನು!'

"ಅಂಡಿಗೆ ನನ್ನ ಗಾಡಿಗೆ ಹಾಕ್ರಿ," ಎಂದ ಅವನು.

"ಬ್ಯಾಡ."

ಕಣ್ಣೊರೆಸಿಕೊಂಡು, ಆ ಹೇರನ್ನು ಹಿಂದಿನ ಎತ್ತುಗಳಿಗೆ ಹಂಚಿದಳು. ಮುಂದಿನೆತ್ತನ್ನು ಬರಿಬೆನ್ನಲ್ಲೇ ಸಾಲಿನ ಮುಂದೆ ನಿಲ್ಲಿಸಿದಳು.

"ಅಯ್ಯ, ಹೇರಿಲ್ದs ಹೊಂಟೈತಿ! ಮುಗೀತ್ ಬಿಡು ಇವರ ಸಾಲು," ಎಂದು ಪೇಟೆಯಲ್ಲಿ ಯಾರೋ ಕಿಸಕ್ಕೆಂದರು.

"ಮುಗೀತಂತ ನೀವ ಅಂದ್ರ ಆತೇನ? ನಾ ಅನ್ನಬೇಕು!"

ಸಾಲು ಹೊರಟಿತು. ರೋಣದ ದಾರಿಯಲ್ಲಿ ಹಿಂದೆ ಹಾಲಸಿದ್ದಪ್ಪನ ಗಾಡಿಯ ಸದ್ದು... ಬಿಟ್ಟೂ ಬಿಡದಂತೆ ಬರುತ್ತಿತ್ತು.

"ಲಗೂ ಹೋಗೋ ಗಾಡಿ, ನನ್ನ ಹಿಂದ್ಯಾಕ?"

"ಲಗೂ ಹೋಗಾಕ ಮನಸಿಲ್ಲ... ಸಕ್ರವ್ವ, ಪ್ಯಾಟ್ಯಾಗ ಎಲ್ಲಾರಿಗೂ ಹಂಗ ಎದುರು ನಿಂತ್ಯಲ್ಲ, ಆವಾಗs ಮನಸ್ ಕೊಟ್ಟೆ. ಲಗ್ನಾಗ್ತಿ ನನ್ನ?"

ಅವಳ ಹೆಜ್ಜೆ ತಡವರಿಸಿತು. ಮಾತು ಮಾತ್ರ ತಡವರಿಸಲಿಲ್ಲ.

"ನಾ ಬಂದ್ರ ಎತ್ತಗೋಳೂ ಬರ್ತಾವು. ಮಾರು ಅನ್ನಂಗಿಲ್ಲ."

"ಅನ್ನಂಗಿಲ್ಲ."

"ಹೇರು ಬಿಡಂಗಿಲ್ಲ ನಾ."

"ಬಿಡಬ್ಯಾಡ."

"ನಿನ್ನ ಗಾಡೀನೂ ಹತ್ತಂಗಿಲ್ಲ!"

ಹಾಲಸಿದ್ದಪ್ಪ ಗಾಡಿಯಿಂದ ಧುಮುಕಿ, ತನ್ನೆತ್ತುಗಳ ಹಗ್ಗ ಹಿಡಿದು ಅವಳ ಪಕ್ಕಕ್ಕೆ ಬಂದ.

"ಹತ್ತಬ್ಯಾಡ. ನಾನs ಇಳದೇನಿ, ನೋಡು."

ತಡೆದರೂ ನಗು ಉಕ್ಕಿತು ಅವಳಿಗೆ.

"ನರಗುಂದ ದೂರ ಐತಿ. ನಡಿಯಾಕ ಬರ್ತೈತೇನ ಗಾಡಿಕಾರಗ?"

"ನೀ ಕಲಿಸು..."