ಮೂರನೇ ಸಾಲು

ತೆಲಂಗಾಣ ಬ್ಯಾರೆ ರಾಜ್ಯ ಆದ ಮರುವರ್ಷದ ಮಾತು ರೀ ಇದು. ಮಕ್ತಲದಾಗ ನನ್ನ ರೆಕಾರ್ಡಿಂಗ್ ಖೋಲಿಗೆ ಮರಿಕಲ್‌ನ ಮಹಾಂತಮ್ಮಾರು ಬಂದು, ಒಬ್ಬರೇ ಕುಂತು ಒಂದು ಭಜನಿ ಪದ ಹಾಡಿ ಹೋದ್ರು. ಪ್ರತಿ ಸಾಲು ಮುಗದ ಮ್ಯಾಲ ಅಷ್ಟೇ ಹೊತ್ತು ಸುಮ್ಮನಿರತಿದ್ರು. ವಯಸ್ಸಾಗಿ ತಾಳ ತಪ್ಪತಾರ ಅಂತ ತಿಳದು, ಕಂಪ್ಯೂಟರ್‌ನಾಗ ಆ ಖಾಲಿ ಜಾಗ ಎಲ್ಲಾ ಕತ್ತರಿಸಿ ಸಾಲು ಕೂಡಿಸಿದೆ.

ಕೂಡಿಸಿದಲ್ಲೆಲ್ಲಾ ಒಂದು ಗಂಡಸಿನ ಉಸಿರು ಕೇಳಿಸ್ತು. ಹಾಡಾಕ ಎಳಕೊಂಡದ್ದು, ಅರ್ಧಕ್ಕ ಕಡದಂಗ. ಅಳಿಸಿದೆ, ಹೋಗಲಿಲ್ಲ. ಹೆಡ್‌ಫೋನ್ ಎಡಗಿವಿಗೆ ತಣ್ಣಗ ಹತ್ತತಿತ್ತು.

ಮರುದಿನ ಬಂದು ಅದನ್ನ ಕೇಳಿದ ಮಹಾಂತಮ್ಮಾರು, “ನನ್ನ ಸಾಲು ನಮ್ಮ ಮನಿಯವರು ತಿರುಗಿ ಹಾಡೋ ಜಾಗ ಯಾಕ ತಗದಿ ತಮ್ಮಾ?” ಅಂದ್ರು.

ಅವರ ಗಂಡ ಕರಿಬಸಯ್ಯ ತೀರಿ ವರ್ಷ ಆಗಿತ್ತು.

ಖಾಲಿ ಜಾಗ ಇದ್ದಂಗ ತಿರುಗಿ ಇಟ್ಟೆ, ಉಸಿರು ನಿಂತಿತು. ಅವರು ಕಣ್ಣು ಮುಚ್ಚಿ ಕೇಳಿದ್ರು. “ಮೂರನೇ ಸಾಲು ಎತ್ತಾಕ ತಡಾ ಮಾಡ್ಯಾರ ನೋಡು. ಯಾವಾಗಲೂ ಅಲ್ಲೇ. ಅದೊಂದು ಸರಿ ಮಾಡು.”

ಏನೂ ಇಲ್ಲದ ಆ ತುಣುಕನ್ನ ತುಸು ಮುಂಚೆ ಬರೋಹಂಗ ಸರಿಸಿದೆ.

“ಹಾಂ, ಈಗ ಕೂಡ್ತು” ಅಂದ್ರು.

ಸರಿಸೋಕ್ಕಿಂತ ಮೊದಲಿಂದು, ಸರಿಸಿದ ಮ್ಯಾಲಿಂದು, ಎರಡೂ ಫೈಲು ಇವತ್ತಿಗೂ ನನ್ನ ಹತ್ರ ಅದಾವ. ಎರಡರಾಗೂ ಆ ಖಾಲಿ ಜಾಗದಾಗ ಏನೂ ಕೇಳಂಗಿಲ್ಲ. ಆದರ ಸರಿ ಮಾಡದೇ ಇದ್ದದ್ದನ್ನ ಹಚ್ಚಿದಾಗ, ಮೂರನೇ ಸಾಲಿಗೆ ನನ್ನ ಕಾಲಿನ ತಾಳ ತಡಾ ಆಗತೈತಿ.