ಒಂಬತ್ತನೆಯ ಕಿಂಡಿ

"ಎಂಟಲ್ಲ, ಎಂಬತ್ತು ಕಿಂಡಿ ಬಿಡಿ ಸ್ವಾಮಿ. ಆದ್ರೆ ಈ ಹಳೇದೊಂದನ್ನ ಮುಚ್ಚಬೇಡಿ," ಎನ್ನುತ್ತ ಗಾರೆಯಜ್ಜ ಕೈಯಲ್ಲಿದ್ದ ಕರಣೆಯನ್ನು ಕೆಳಗಿಟ್ಟ.

ನಕ್ಷೆಗಾರನಿಗೆ ನಗು ಬಂತು. ಕಂಡವರ ಮನೆಗಳಿಗೆಲ್ಲ ನಕ್ಷೆ ಬರೆದು ಪಳಗಿದ ಕೈ ಅವನದು. ಈ ಮನೆ ಕೊಂಡು ಇನ್ನೂ ಮೂರು ತಿಂಗಳು. ಹಿತ್ತಲಿನ ದಿಬ್ಬದ ಮಣ್ಣು ಅಡುಗೆಮನೆಯ ಕಡೆ ಜಾರುತ್ತಿತ್ತು, ಅದನ್ನು ತಡೆಯಲು ನಿಂತಿದ್ದ ಹಳೆಯ ಗೋಡೆ ಹೊಟ್ಟೆ ಬಿಟ್ಟುಕೊಂಡಿತ್ತು. ಅದರ ಮುಂದೆ ಹೊಸ ಗೋಡೆ ಎಬ್ಬಿಸಿ, ನಡುವೆ ಜಲ್ಲಿ ತುಂಬಿ, ನೀರು ಹರಿದುಹೋಗಲು ಎಂಟು ಕಿಂಡಿಗಳನ್ನು ದಾರ ಹಿಡಿದು ಸಾಲಾಗಿ ಬಿಡಿಸಿದ್ದ. ಹಳೆಯ ಗೋಡೆಯ ಒಂದೇ ಒಂದು ಕಿಂಡಿ ಮಾತ್ರ ಆ ಸಾಲಿಗೆ ಸೇರದೆ, ಎದೆಯ ಮಟ್ಟದಲ್ಲಿ ಸೊಟ್ಟಗೆ ಬಾಯಿ ತೆರೆದುಕೊಂಡಿತ್ತು. ಅದರ ಎದುರಿಗೆ ಅಜ್ಜ ಹೊಸ ಗೋಡೆಯಲ್ಲೂ ಒಂದು ಕಲ್ಲಿನಷ್ಟು ಜಾಗ ಉಳಿಸಿದ್ದ.

"ಯಾಕಜ್ಜ, ಒಳಗೆ ನಿಧಿ ಇದೆಯಾ?"

ಅಜ್ಜ ನಗಲಿಲ್ಲ. "ಈ ಹಳೇ ಗೋಡೆ ಕಟ್ಟೋವಾಗ ಮಣ್ಣು ಕುಸಿದು ಗಾರೆಯವನೊಬ್ಬ ಹೂತುಹೋದ. ತೆಗೆಸ್ತಾ ಕೂತ್ರೆ ಕೆಲಸ ನಿಲ್ಲುತ್ತೆ ಅಂತ ಆಗಿನ ಯಜಮಾನ ಹಾಗೇ ಗೋಡೆ ಎಬ್ಬಿಸಿಬಿಟ್ಟ. ಸತ್ತೋನ ತಾಯಿ ಮಾಟ ಬಲ್ಲೋಳು. ತಾನೇ ಬಂದು ಗೋಡೆಗೆ ತೂತು ಕೊರೆದು, ಒಳಗೊಂದು ಮಣ್ಣಿನ ಗೊಂಬೆ ಇಟ್ಲು. ನನ್ನ ಮಗನಿಗೆ ಉಸಿರಾಡೋಕೆ ಎಷ್ಟು ಜಾಗ ಇರುತ್ತೋ, ಈ ಮನೆಯವರಿಗೂ ಅಷ್ಟೇ ಇರಲಿ ಅಂದ್ಲು."

"ನನ್ನ ಕಿವಿ ಮೇಲೆ ಹೂ ಇಡ್ತಿದೀರಾ?"

ಅಜ್ಜ ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟುಹೋದ.

ನಕ್ಷೆಯಲ್ಲಿಲ್ಲದ ಆ ತೂತು ನಕ್ಷೆಗಾರನ ಕಣ್ಣಿಗೆ ಚುಚ್ಚುತ್ತಲೇ ಇತ್ತು. ಜೊತೆಗೆ ಅದರೊಳಗಿಂದ ಮುಗ್ಗಿದ ಬಟ್ಟೆಯ, ತುಕ್ಕಿನ, ಹಳೆಯ ಬೆವರಿನ ನಾತ. ಮಧ್ಯಾಹ್ನ ಊಟವಾಗಿ ಹೆಂಡತಿ, ಮಗಳು ಪುಟ್ಟಿ ಇಬ್ಬರೂ ಒಳಗೆ ಮಲಗಿದ್ದರು. ಅವನೇ ಗಾರೆ ಕಲಸಿದ. ಹಳೆಯ ಕಿಂಡಿಗೆ ಅಡ್ಡವಾಗಿ ಜಲ್ಲಿ ಸುರಿದ, ಅಜ್ಜ ಉಳಿಸಿದ್ದ ಜಾಗದಲ್ಲಿ ಕಲ್ಲು ಕೂರಿಸಿದ, ಮೇಲೆ ನುಣ್ಣಗೆ ಸವರಿದ. ಬುದ್ಧಿವಂತರ ಪಾಡೇ ಇಷ್ಟು, ತಪ್ಪು ಮಾಡುವಾಗಲೂ ಅಚ್ಚುಕಟ್ಟಾಗಿ ಮಾಡುತ್ತಾರೆ. ಕಲ್ಲು ಕೂರುವ ಮುಂಚೆ ಒಳಗಿನಿಂದ ಬೆಚ್ಚನೆಯ ಗಾಳಿ ಬಂದು ಅವನ ಮಣಿಕಟ್ಟಿಗೆ ತಾಕಿತ್ತು. ಬಿಸಿಲಿನ ಕಾವಿರಬೇಕು ಎಂದುಕೊಂಡಿದ್ದ.

ಕೈ ತೊಳೆಯಲು ಹಿತ್ತಲ ನಲ್ಲಿ ತಿರುಗಿಸಿದ. ಗೊರಗೊರ ಸದ್ದಾಗಿ ಎರಡು ಹನಿ ಕೆಸರು ಬಿತ್ತು, ನಿಂತಿತು. ಹಿಂಬಾಗಿಲು ತಳ್ಳಿದರೆ ಅಲುಗಲಿಲ್ಲ. ಬಾಗಿಲ ಸಂದಿಗೆಲ್ಲ ಹಸಿ ಮಣ್ಣು ಮೆತ್ತಿಕೊಂಡಿತ್ತು, ಕೀಲಿಯ ತೂತಿನಲ್ಲೂ ಮಣ್ಣು. ಕಿಟಕಿಗೆ ಓಡಿದ. ಗಾಜಿನ ಒಳಬದಿಯಲ್ಲಿ ಮಣ್ಣು ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು. ಹಾಡುಹಗಲಲ್ಲೇ ಕೋಣೆ ಕತ್ತಲಾಗುತ್ತಿತ್ತು.

"ರೀ, ಬಾಗಿಲು ತೆಗೀರಿ. ಪುಟ್ಟಿಗೆ ಉಸಿರು ಕಟ್ತಿದೆ." ಹೆಂಡತಿಯ ದನಿ ನೆಲದಡಿಯಿಂದ ಬಂದಷ್ಟು ಸಣ್ಣಗಿತ್ತು.

ಅವನು ಗೋಡೆಗೆ ಒರಗಿಸಿದ್ದ ಹಾರೆ ಎತ್ತಿಕೊಂಡ. ಹಾರೆಯಿಂದ ಬಾಗಿಲಿಗೆ ಗುದ್ದಿದ. ಹಾರೆ ಮಣ್ಣಿನಲ್ಲಿ ನೆಟ್ಟು ನಿಂತಿತು. ಅವನ ಮೂಗಿನಲ್ಲೂ ಮಣ್ಣಿನ ವಾಸನೆ. ಗಂಟಲಲ್ಲಿ ಮರಳು. ಉಸಿರು ಒಳಗೆ ಹೋಗುತ್ತಿಲ್ಲ. ಒಳಗೆ ಪುಟ್ಟಿಯ ಕೆಮ್ಮು. ಆಮೇಲೆ ಕೆಮ್ಮೂ ಇಲ್ಲ.

ತೆವಳಿಕೊಂಡು ಗೋಡೆಗೆ ಬಂದ. ಗಾರೆ ಇನ್ನೂ ಹಸಿಯಾಗಿತ್ತು. ಉಗುರಿನಿಂದ ಕೆರೆದ. ಕಲ್ಲು ಕಿತ್ತೆಸೆದ. ಜಲ್ಲಿ ಬಾಚಿದ. ಬಾಚಿದಷ್ಟೂ ಮೇಲಿನಿಂದ ಸುರಿಯಿತು. ತೋಳನ್ನೇ ಒಳಗೆ ತುರುಕಿದ. ಮೊಣಕೈ. ಭುಜ. ಬೆರಳಿಗೆ ಏನೋ ತಾಕಿತು. ಒದ್ದೆ. ತಣ್ಣಗೆ. ಐದು ಬೆರಳು. ಅವು ಅವನ ಮುಂಗೈಯನ್ನು ಹಿಡಿದುಕೊಂಡವು.

ಹಿಂದೆ ಬಾಗಿಲು ಧಡಾರನೆ ತೆರೆಯಿತು. ಹೆಂಡತಿ ಮಗಳನ್ನೆತ್ತಿಕೊಂಡು ಹೊರಗೆ ಬಂದಳು. ಪುಟ್ಟಿ ಅಳುತ್ತಿದ್ದಳು. ಅಷ್ಟು ಸಮಾಧಾನ ಕೊಟ್ಟ ಅಳುವನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ಕೈ ಹಿಂದಕ್ಕೆಳೆಯಲು ನೋಡಿದ. ಒಂದು ಗೇಣು ಬಂತು, ಜಲ್ಲಿ ಸರಿದು ಕಿಂಡಿ ಮುಚ್ಚಿತು. ಪುಟ್ಟಿಯ ಅಳು ಅರ್ಧಕ್ಕೇ ನಿಂತು ತುಟಿ ನೀಲಿಗಟ್ಟಿತು. ಅವನು ಮತ್ತೆ ಭುಜದವರೆಗೂ ತಳ್ಳಿದ. ಅವಳು ಉಸಿರೆಳೆದುಕೊಂಡಳು.

ಹೊತ್ತು ಇಳಿಯುವಾಗ ಹೆಂಡತಿ ಗಾರೆಯಜ್ಜನನ್ನು ಕರೆತಂದಳು. ಅಜ್ಜ ಗೋಡೆಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದ.

"ತೋಳಿನ ಪಕ್ಕಕ್ಕೇ ಕಬ್ಬಿಣದ ಪೈಪು ತೂರಿಸ್ತೀನಿ. ಜಲ್ಲಿ ಬೀಳಲ್ಲ, ಕಿಂಡಿ ಉಳಿಯುತ್ತೆ. ಮನೆಯವರು ಬದುಕ್ತಾರೆ."

"ಮತ್ತೆ ನನ್ನ ಕೈ?"

"ಅದನ್ನ ಅವನು ಬಿಡಲ್ಲ ಸ್ವಾಮಿ. ಯಾರಾದ್ರೂ ಒಂದು ಕೈ ಚಾಚಲಿ ಅಂತ ಅವತ್ತಿಂದ ಕಾದಿದ್ದಾನೆ."

ನಕ್ಷೆಗಾರ ಮಗಳ ಕಡೆ ನೋಡಿದ. ಅವಳು ತಾಯಿಯ ಹೆಗಲ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು.

"ಬರೆಯೋ ಕೈನಾ ಇದು?" ಅಜ್ಜ ಮೆಲ್ಲಗೆ ಕೇಳಿದ.

ಅವನು ಹೌದೆಂದು ತಲೆಯಾಡಿಸಿದ. ಆಮೇಲೆ ಹೆಂಡತಿಗೆ ಹೇಳಿದ: "ಪುಟ್ಟಿನ ಒಳಗೆ ಕರ್ಕೊಂಡು ಹೋಗು. ಏನೇ ಕೇಳಿಸಿದ್ರೂ ಹೊರಗೆ ಬರಬೇಡ."

ಬಾಗಿಲು ಮುಚ್ಚುವವರೆಗೂ ಕಾದಿದ್ದು, ಅಜ್ಜ ಚೀಲದಿಂದ ಗರಗಸ ತೆಗೆದ.