ಎರಡನೆಯ ಸಹಿ

ನವೆಂಬರ್ ೧೪, ಬೆಳಿಗ್ಗೆ ೮.೧೦. ಗುನ್‌ವೋರ್ ಗ್ರಾನ್‌ಸೆಲೆ ಊರಿನ ಪೊಲೀಸ್ ಠಾಣೆಗೆ ಬಂದವಳೇ ಕೋಟು ಕೂಡ ಬಿಚ್ಚದೆ ಮೇಜಿನ ಮೇಲೆ ಒಂದು ಕಾಗದ ಇಟ್ಟಳು. ಮರದ ಮಿಲ್ಲಿನ ಗರಗಸಕ್ಕೆ ಸಿಕ್ಕಿ ಅವಳ ಗಂಡ ಸ್ಟೂರೆ ಸತ್ತು ಒಂಬತ್ತು ದಿನವಾಗಿತ್ತು.

"ತಪ್ಪು ಅವನದ್ದೇ ಅಂತಾರೆ ಮಿಲ್ಲಿನವರು. ಯಂತ್ರ ಪರೀಕ್ಷೆ ಮಾಡಿ ಅವನೇ ಸಹಿ ಹಾಕಿದ್ನಂತೆ. ಇದು ಅವನ ಸಹಿ ಅಲ್ಲ."

"ಹೇಗೆ ಹೇಳ್ತೀರಿ?" ಇನ್‌ಸ್ಪೆಕ್ಟರ್ ಮಾಲೀನ್ ಕೇಳಿದಳು.

"ತಾರೀಕು ನೋಡಮ್ಮ, ಸೆಪ್ಟೆಂಬರ್ ಎರಡು. ಮೂಸ್ ಜಿಂಕೆ ಬೇಟೆಯ ಮೊದಲನೇ ದಿನ! ಅವತ್ತು ಈ ಊರಲ್ಲಿ ಯಾವ ಗಂಡಸು ಮಿಲ್ಲಲ್ಲಿರ್ತಾನೆ?"

ಕಾನ್‌ಸ್ಟೆಬಲ್ ಟೋರೆ ತಲೆ ತಗ್ಗಿಸಿದ. ಅಂದು ಕಾಡಿನಲ್ಲಿ ಸ್ಟೂರೆಯ ಪಕ್ಕದಲ್ಲೇ ಬಂದೂಕು ಹಿಡಿದು ಕೂತವನು ಅವನು. ದೂರು ದಾಖಲಾಯಿತು.

೧೦.೪೦ಕ್ಕೆ ಮಿಲ್ಲಿನಲ್ಲಿ ಸ್ಥಳ ಪರಿಶೀಲನೆ. 'ನಿಲ್ಲು' ಗುಂಡಿ ಗರಗಸದ ಬಳಿ, 'ಹೊರಡು' ಗುಂಡಿ ಇಪ್ಪತ್ತು ಮೀಟರ್ ದೂರದ ಕ್ಯಾಬಿನ್ನಿನಲ್ಲಿ. 'ನಿಲ್ಲು' ಒತ್ತಿದ ಮೇಲೆ ಯಾರು ಏನು ಒತ್ತಿದರೂ ಗರಗಸ ಅಲುಗಬಾರದು. ಅಲುಗಲೂ ಇಲ್ಲ. ಆಮೇಲೆ ಮಾಲೀನ್ ಮತ್ತು ಟೋರೆ ಫೋನಿನಲ್ಲಿ ಒಂದು, ಎರಡು, ಮೂರು ಎಣಿಸಿ ಎರಡನ್ನೂ ಒಟ್ಟಿಗೆ ಒತ್ತಿದರು. ಆರನೆಯ ಸಲ ಗರಗಸ ತಿರುಗಿತು. ಸ್ಟೂರೆ ಸತ್ತದ್ದು ಕಾಫಿ ವಿರಾಮ ಮುಗಿದು ಎಲ್ಲರೂ ಒಟ್ಟಿಗೆ ಕೆಲಸಕ್ಕೆ ಮರಳಿದ ಗಳಿಗೆಯಲ್ಲಿ. ಅವನು 'ನಿಲ್ಲು' ಒತ್ತಿದ ಕ್ಷಣದಲ್ಲೇ ಕ್ಯಾಬಿನ್ನಿನಲ್ಲಿ ಯಾರೋ 'ಹೊರಡು' ಒತ್ತಿದ್ದರು.

ಗರಗಸದ ಪ್ರೋಗ್ರಾಂ ಬರೆದ ಇಂಗೆಮಾರ್‌ನ ವಿಚಾರಣೆ ೧೨.೦೫ಕ್ಕೆ.

"ಪ್ರೋಗ್ರಾಂ ಸಾಲು ಸಾಲಾಗಿ ಓದ್ತಾ ಸುತ್ತುತ್ತೆ. ಒಂದೇ ಸುತ್ತಲ್ಲಿ ಎರಡೂ ಗುಂಡಿ ಒತ್ತಿದ ಸುದ್ದಿ ಬಂದ್ರೆ, ಕೊನೇ ಸಾಲಲ್ಲಿರೋದೇ ಗೆಲ್ಲುತ್ತೆ. ನಾನು 'ಹೊರಡು'ನ ಕೊನೇಲಿ ಬರೆದಿದ್ದೆ."

"ಪರೀಕ್ಷೇಲಿ ಗೊತ್ತಾಗ್ಲಿಲ್ವಾ?" ಮಾಲೀನ್ ಕೇಳಿದಳು.

"ಎರಡೂ ಒಟ್ಟಿಗೆ ಒತ್ತೋಕೆ ಇಬ್ಬರು ಬೇಕು."

"ಎರಡನೆಯ ಸಹಿ ಸುರಕ್ಷತಾ ಪ್ರತಿನಿಧಿ ಸ್ಟೂರೆಯದ್ದು. ಅವನು ಬರೋವರೆಗೂ ಕಾಯೋಕೇನಾಗಿತ್ತು?"

"ನನ್ನನ್ನ ಬೇಟೆ ತಂಡದಿಂದ ಓಡಿಸಿದ್ದೇ ಅವನು. ಎಂಟು ವರ್ಷದಿಂದ ಮಾತಿಲ್ಲ." ಇಂಗೆಮಾರ್ ಟೋರೆಯತ್ತ ತಿರುಗಿದ. "ನನ್ನನ್ನ ಓಡಿಸೋಕೆ ನೀನೂ ಕೈ ಎತ್ತಿ ಮತ ಕೊಟ್ಟಿದ್ದೆ, ಅಲ್ವೇನೋ? ಆವತ್ತು ನೀವೆಲ್ಲ ಕಾಡಲ್ಲಿ. ಇಡೀ ಮಿಲ್ಲಲ್ಲಿ ನಾನೊಬ್ಬ. ನನ್ನ ಸಹಿ ಕೆಳಗೆ ಅವನ ಸಹಿನೂ ನಾನೇ ಗೀಚಿದೆ."

೧೩.೨೫ಕ್ಕೆ ಬಂಧನ. ಆರೋಪ: ಸುಳ್ಳು ಸಹಿ, ನಿರ್ಲಕ್ಷ್ಯದಿಂದ ಸಾವು. ಜೀಪಿನ ಬಾಗಿಲು ತೆಗೆಯುತ್ತಾ ಟೋರೆ ತಡೆಯಲಾರದೆ ಅಂದ: "ಕರೆದಿದ್ರೆ ಬರ್ತಿದ್ದ ಕಣೋ ಅವನು."

"ಗೊತ್ತಿತ್ತು," ಅಂದ ಇಂಗೆಮಾರ್. "ಬಂದಿದ್ರೆ ಥ್ಯಾಂಕ್ಸ್ ಹೇಳ್ಬೇಕಾಗ್ತಿತ್ತು."

ಎಂಟು ವರ್ಷವೂ ಸ್ಟೂರೆ, ಇಂಗೆಮಾರ್ ಇಬ್ಬರೂ ಮಿಲ್ಲಿನ ಒಂದೇ ಮೇಜಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ ಕಾಫಿ ಕುಡಿದಿದ್ದರು. ಮಾಲೀನ್ ಅದನ್ನೂ ವರದಿಯಲ್ಲಿ ಬರೆದಳು.